ಅಳೆಯುವುದನ್ನು ಅಳೆಯುವವರು ಯಾರು?

ಸುಗ್ಗಿಯ ದಿನಗಳಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರಿಗೆ ಮೊದಲು ಮೂಗಿಗೆ ಘಾಟು ಬಡಿಯುತ್ತದೆ, ಆಮೇಲೆ ಕಣ್ಣಿಗೆ ಕೆಂಪು. ರೈತ ಚೀಲ ಬಿಚ್ಚಿ ರಾಶಿಯ ಪಕ್ಕದಲ್ಲಿ ಕೂರುತ್ತಾನೆ. ಖರೀದಿದಾರ ಬಂದು ಒಂದು ಹಿಡಿ ಎತ್ತುತ್ತಾನೆ, ಕಾಯಿ ಮುರಿದು ಒಳಗಿನ ಬೀಜ ನೋಡುತ್ತಾನೆ, ಸಿಪ್ಪೆಯ ಸುಕ್ಕನ್ನು ಹೆಬ್ಬೆರಳಿನಿಂದ ಸವರುತ್ತಾನೆ, ತೇವ ಎಷ್ಟಿದೆಯೆಂದು ಅಂಗೈಯಲ್ಲೇ ಅಂದಾಜು ಮಾಡಿ ಮುಂದಿನ ರಾಶಿಗೆ ಹೋಗುತ್ತಾನೆ. ಒಂದು ವರ್ಷದ ದುಡಿಮೆಗೆ ಬೆಲೆ ಕಟ್ಟಲು ಅಷ್ಟೇ ಹೊತ್ತು.

ಇದೇ ಕಾಯಿ ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಗೆ ಹೋದಾಗ ಪರೀಕ್ಷೆಯ ರೀತಿಯೇ ಬೇರೆ. ಕಾಯಿಯನ್ನು ಪುಡಿ ಮಾಡಿ, ಅಸಿಟೋನಿನಲ್ಲಿ ನೆನೆಸಿ, ಬಂದ ಕೆಂಪು ದ್ರಾವಣದ ಮೂಲಕ 460 ನ್ಯಾನೋಮೀಟರಿನ ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಿಕೊಂಡಿತೆಂದು ಅಳೆಯುತ್ತಾರೆ. ಬರುವ ಅಂಕಿಗೆ ‘ಆಸ್ಟಾ’ ಬಣ್ಣದ ಮೌಲ್ಯವೆಂದು ಹೆಸರು. ಅಮೆರಿಕದ ಸಂಬಾರ ವ್ಯಾಪಾರಿಗಳ ಸಂಘ ರೂಪಿಸಿದ ಅಳತೆ ಅದು. ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುವುದೇ ಬ್ಯಾಡಗಿ ಕಾಯಿಯ ಹೆಗ್ಗಳಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದ್ದಕ್ಕೂ ಈ ಗುಣವೇ ಆಧಾರ. ಆದರೆ ತನ್ನ ರಾಶಿಯ ಆಸ್ಟಾ ಅಂಕಿ ಎಷ್ಟೆಂದು ರಾಶಿಯ ಪಕ್ಕ ಕೂತ ರೈತನಿಗೆ ಗೊತ್ತಿರುವುದು ಅಪರೂಪ.

ಹಾಗಾದರೆ ಹೆಬ್ಬೆರಳನ್ನು ಬಿಟ್ಟು ಯಂತ್ರ ತಂದರೆ ನ್ಯಾಯ ಸಿಕ್ಕೀತೇ? ಯಂತ್ರಕ್ಕೆ ನಂಟಸ್ತಿಕೆ ಇಲ್ಲ, ಸಾಲದ ಹಂಗಿಲ್ಲ. ಅದು ಸುಳ್ಳು ಹೇಳುವುದಿಲ್ಲ ಎನ್ನುವ ನಂಬಿಕೆ ಬಲವಾಗಿದೆ. ಆ ನಂಬಿಕೆಗೆ ಎದುರಾಗಿ ನಮ್ಮ ದರ್ಶನಗಳು ಬಹಳ ಹಿಂದೆಯೇ ಒಂದು ಪ್ರಶ್ನೆ ಎತ್ತಿದ್ದವು. ತಿಳಿವಳಿಕೆ ನಿಜವೆಂದು ತಿಳಿಯುವುದು ಹೇಗೆ?

ನೈಯಾಯಿಕರ ಉತ್ತರ: ಜ್ಞಾನ ತಾನಾಗಿ ತನ್ನನ್ನು ದೃಢಪಡಿಸಿಕೊಳ್ಳಲಾರದು, ಹೊರಗಿನಿಂದಲೇ ಪರೀಕ್ಷೆಯಾಗಬೇಕು. ದೂರದಲ್ಲಿ ನೀರು ಕಂಡಿತೆಂದರೆ ಸಾಲದು, ಹೋಗಿ ಕುಡಿದು ದಾಹ ತೀರಬೇಕು. ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಒಂದು ಅರಿವನ್ನು ಇನ್ನೊಂದರಿಂದ ಪರೀಕ್ಷಿಸುವುದಾದರೆ ಆ ಇನ್ನೊಂದಕ್ಕೂ ಮತ್ತೊಂದು ಬೇಕು, ಅದಕ್ಕೆ ಕೊನೆಯೆಲ್ಲಿ? ಈ ಕೊನೆಯಿಲ್ಲದ ಸರಪಳಿಯೇ ಅನವಸ್ಥಾ ದೋಷ. ಕನ್ನಡ ನಾಡಿನಲ್ಲೇ ಬೆಳೆದ ಮಧ್ವಮತ ಈ ಸರಪಳಿ ನಿಲ್ಲುವ ಜಾಗವನ್ನು ‘ಸಾಕ್ಷಿ’ ಎಂದು ಕರೆಯಿತು. ಪ್ರಮಾಣವನ್ನು ಪ್ರಮಾಣವೆಂದು ಕೊನೆಗೆ ಒಪ್ಪುವುದು ಒಳಗಿನ ಸಾಕ್ಷಿಯೇ, ಅದು ಒಪ್ಪಿದ ಮೇಲೆ ಮುಂದೆ ಕೇಳುವುದು ಉಳಿಯುವುದಿಲ್ಲ. ಆ ಮತದ ಹದಿನಾಲ್ಕನೇ ಶತಮಾನದ ಆಚಾರ್ಯ ಜಯತೀರ್ಥರು ಈ ವಾದವನ್ನು ಬಹಳ ಸೂಕ್ಷ್ಮವಾಗಿ ಬಿಡಿಸಿಟ್ಟರು.

ಇದು ಮಠದ ಜಗುಲಿಯ ಮಾತಾಗಿ ಉಳಿದಿಲ್ಲ. ಬೆಂಗಳೂರಿನ ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಗಿರಾಕಿಯ ಅಗತ್ಯಕ್ಕೆ ತಕ್ಕಂತೆ ಪರೀಕ್ಷಾ ಯಂತ್ರ ಕಟ್ಟಿಕೊಡುವ ಇಂಜಿನಿಯರು ದಿನಾ ಎದುರಿಸುವ ಪ್ರಶ್ನೆಯೂ ಇದೇ. ಅಂಥ ಯಂತ್ರ ಅಂಗಡಿಯಲ್ಲಿ ಸಿಗುವ ಸರಕಲ್ಲ. ಬೇಕೆನ್ನುವವರು ತಮಗೇನು ಬೇಕೆಂದು ಮೊದಲು ಬರೆದುಕೊಡಬೇಕು, ಕಟ್ಟುವವರು ಅವರ ಕಾರ್ಖಾನೆಗೆ ಬಂದು ಕೆಲಸ ಮಾಡುವ ಕೈಗಳನ್ನು ನೋಡಬೇಕು, ನಕ್ಷೆ ಎರಡೂ ಕಡೆಯವರ ಮುಂದೆ ಹತ್ತಾರು ಸಲ ತಿದ್ದಿಸಿಕೊಳ್ಳಬೇಕು. ಯಂತ್ರ ಸಿದ್ಧವಾದ ಮೇಲೆ ಕಟ್ಟಿದವರ ಶೆಡ್ಡಿನಲ್ಲಿ ಒಮ್ಮೆ, ಕೊಂಡವರ ಶೆಡ್ಡಿನಲ್ಲಿ ಇನ್ನೊಮ್ಮೆ ಒಪ್ಪಿಗೆಯ ಪರೀಕ್ಷೆ ನಡೆಯುತ್ತದೆ. ಅಳೆಯುವ ಯಂತ್ರವಾದರೆ ಇನ್ನೂ ಒಂದು ವಿಧಿ ಉಂಟು. ಸಾಮಾನ್ಯವಾಗಿ 10 ಬಿಡಿಭಾಗ ಆರಿಸಿ, 3 ಜನರಿಂದ, ತಲಾ 3 ಸಲ ಅಳೆಸುತ್ತಾರೆ. ಬಂದ 90 ಅಂಕಿಗಳಲ್ಲಿ ಎಷ್ಟು ಏರುಪೇರು ವಸ್ತುವಿನದು, ಎಷ್ಟು ಯಂತ್ರದ್ದು, ಎಷ್ಟು ಅಳೆದವರ ಕೈಯದು ಎಂದು ಬೇರ್ಪಡಿಸುತ್ತಾರೆ. ಹೀಗೆ ಯಂತ್ರ ತಾನೇ ಪರೀಕ್ಷೆಗೆ ಕೂತು ಪಾಸಾದ ಮೇಲಷ್ಟೇ ಅದಕ್ಕೆ ಬೇರೆಯದನ್ನು ಪರೀಕ್ಷಿಸುವ ಅಧಿಕಾರ.

ಸರಪಳಿ ಅಲ್ಲಿಗೂ ನಿಲ್ಲುವುದಿಲ್ಲ. ಕಾರ್ಖಾನೆಯ ತೂಕದ ಬಟ್ಟನ್ನು ಪ್ರಯೋಗಾಲಯದ ಬಟ್ಟಿನ ಜೊತೆ, ಅದನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಾನಕದ ಜೊತೆ ಹೋಲಿಸುತ್ತಾರೆ. ಎಲ್ಲಕ್ಕೂ ಕೊನೆಯಲ್ಲಿ 1889ರಿಂದ ಪ್ಯಾರಿಸ್ ಬಳಿ ಇಟ್ಟಿದ್ದ ಒಂದು ಲೋಹದ ಉರುಳೆ ಕಿಲೋಗ್ರಾಮಿನ ಮಾನಕವಾಗಿ ಇತ್ತು. ಅದರ ತೂಕವೇ ಸ್ವಲ್ಪ ಬದಲಾಗಿರಬಹುದೆಂಬ ಸಂಶಯ ಬೆಳೆಯುತ್ತ ಹೋಗಿ, 2019ರ ಮೇ 20ರಿಂದ ಕಿಲೋಗ್ರಾಂ ನಿಸರ್ಗದ ಬದಲಾಗದ ಅಂಕಿಯಾದ ಪ್ಲಾಂಕ್ ಸ್ಥಿರಾಂಕದ ಮೇಲೆ ನಿಂತಿತು. ಆ ಬದಲಾವಣೆಯೂ ದೇಶಗಳ ಪ್ರತಿನಿಧಿಗಳು ಸಭೆ ಸೇರಿ ಒಪ್ಪಿದ ಮೇಲೆ ಬಂದದ್ದು. ಅಳತೆಯ ಸರಪಳಿಯ ತುದಿಯಲ್ಲೂ ಒಪ್ಪಿಗೆ ಕೊಟ್ಟ ಸಾಕ್ಷಿಗಳಿದ್ದಾರೆ.

ರಾಣೆಬೆನ್ನೂರು ತಾಲೂಕಿನ ಹಲಗೇರಿಯ ಸುತ್ತಿನ ಹಿರಿಯ ಒಕ್ಕಲಿಗರಿಗೆ ಇದನ್ನೆಲ್ಲ ಬೀಜ ಬಿತ್ತುವ ಕೂರಿಗೆಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಕೂರಿಗೆಯನ್ನು ಯಾರೂ ಸಿದ್ಧವಾದದ್ದನ್ನು ಕೊಳ್ಳುತ್ತಿರಲಿಲ್ಲ. ಜೋಳಕ್ಕೆ ಒಂದು ಅಂತರ, ಶೇಂಗಾಕ್ಕೆ ಇನ್ನೊಂದು. ಎರಿ ಹೊಲಕ್ಕೆ ಒಂದು ಬಗೆ, ಮಸಾರಿಗೆ ಮತ್ತೊಂದು. ಹೊಲದ ಗುಣ, ಎತ್ತುಗಳ ಎತ್ತರ, ಬಿತ್ತುವವರ ಕೈಯ ರೂಢಿ ನೋಡಿಯೇ ಬಡಿಗೇರರು ಜಾಲಿಯ ದಿಂಡಿಗೆ ತಾಳು ಕೂರಿಸುತ್ತಿದ್ದರು. ಕಮ್ಮಾರರು ಕುಡ ಹಣಿದು ಕೊಡುತ್ತಿದ್ದರು. ಕೂಲಿ ಅಂದೇ ಇಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಅಂದರೆ ತಮ್ಮ ಪಾಲಿನ ಕಾಳು, ಒಯ್ಯುತ್ತಿದ್ದರು. ಮಾಡಿಕೊಟ್ಟ ಕೂರಿಗೆ ಸಾಲು ತಪ್ಪಿಸಿದರೆ ಅದು ಬೆಳೆಯಲ್ಲಿ ಕಾಣುತ್ತಿತ್ತು, ಮಾಡಿದವರ ಕಣ್ಣೆದುರೇ ಕಾಣುತ್ತಿತ್ತು. ಕಣವೇ ಪರೀಕ್ಷೆಯ ಜಾಗ, ಇಬ್ಬರೂ ಅಲ್ಲಿ ಹಾಜರು.

ಈ ವ್ಯವಸ್ಥೆಯನ್ನು ಹಾಡಿ ಹೊಗಳುವುದು ತಪ್ಪಾದೀತು. ಯಾರು ಬಡಿಗತನ ಮಾಡಬೇಕು, ಯಾರು ಚರ್ಮ ಹದ ಮಾಡಬೇಕು ಎಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಆಯದ ಪಾಲು ಎಷ್ಟೆಂದು ಹೊಲದ ಒಡೆಯನ ಮಾತಿಗೆ ಎದುರಾಡುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಹನ್ನೆರಡನೇ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದಾಗ ಆ ಹುಟ್ಟಿನ ಕಟ್ಟನ್ನೇ ಬಿಚ್ಚಲು ಹೊರಟಿದ್ದರು. ಅವರಲ್ಲೊಬ್ಬನಾದ ಅಂಬಿಗರ ಚೌಡಯ್ಯನ ನೆನಪನ್ನು ಹೊತ್ತ ಚೌಡಯ್ಯದಾನಪುರ ಇರುವುದು ಇದೇ ರಾಣೆಬೆನ್ನೂರು ತಾಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿ. ಶರಣರ ಕಥೆಗಳಲ್ಲಿ ಪರೀಕ್ಷೆಯ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ್ದು ಆಯ್ದಕ್ಕಿ ಲಕ್ಕಮ್ಮನದು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ಕಳಿಸಿದಳು. ಅವಳ ಬಳಿ ತಕ್ಕಡಿ ಇರಲಿಲ್ಲ. ಆ ಅಳತೆ ನಿಜವಾದದ್ದು, ಅದು ಅವಳ ಊಟದ ತಟ್ಟೆಗೂ ಅಷ್ಟೇ ಅನ್ವಯಿಸುತ್ತಿದ್ದರಿಂದ.

ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು ಪರೀಕ್ಷೆಯನ್ನೇ ವಸ್ತುವಾಗಿಸಿ ಒಂದು ಕಾವ್ಯ ಬರೆದರು. ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ಮತ್ತು ರಾಗಿಗೆ ಯಾರು ಮೇಲು ಎಂಬ ಜಗಳ. ಸಭೆಯಲ್ಲಿ ದೊಡ್ಡವರಿದ್ದರೂ ರಾಮ ಅವಸರದ ತೀರ್ಪು ಕೊಡುವುದಿಲ್ಲ. ಎರಡೂ ಧಾನ್ಯಗಳು ಆರು ತಿಂಗಳು ಸೆರೆಯಲ್ಲಿರಬೇಕು. ಕಾಲ ಕಳೆದು ತೆಗೆಸಿದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ಬಡವರ ಕಾಳಿನ ಗೆಲುವೆಂದು ಇದನ್ನು ಓದುವುದು ರೂಢಿ, ಸರಿಯೂ ಹೌದು. ಆ ಗೆಲುವಿನ ಹಿಂದಿರುವ ಪರೀಕ್ಷೆಯ ನ್ಯಾಯವೂ ಅಷ್ಟೇ ಮುಖ್ಯ. ಎರಡು ಧಾನ್ಯಕ್ಕೂ ಒಂದೇ ಬಗೆಯ ಸೆರೆ, ಒಂದೇ ಅವಧಿ. ಬಾಗಿಲು ತೆರೆದದ್ದು ಜಗಳವಾಡಿದವರ ಎದುರಿಗೇ.

ಈಗಿನ ಹಾವೇರಿ ಜಿಲ್ಲೆಗೆ ಮರಳಿದರೆ ಪರೀಕ್ಷೆಯ ಈ ಷರತ್ತುಗಳೇ ಕಾಣೆಯಾಗಿವೆ. ಯಂತ್ರ ಕಟ್ಟುವ ಕಸುಬು ಇಲ್ಲಿಗೆ ಹೊಸದಲ್ಲ. ತುಂಗಭದ್ರೆಯಾಚೆಯ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು, ಅಂದರೆ ಯಂತ್ರ ಮಾಡುವ ಯಂತ್ರಗಳನ್ನು, ದಶಕಗಳ ಕಾಲ ಮಾಡಿತು. ಇಂದು ಕಾಳು, ಬೀಜ, ಕಾಯಿಗಳನ್ನು ಕ್ಯಾಮೆರಾದಿಂದ ನೋಡಿ, ಕಳಪೆಯನ್ನು ಗಾಳಿಯ ಊದಿನಿಂದ ಪಕ್ಕಕ್ಕೆ ಹಾರಿಸುವ ಯಂತ್ರಗಳಿವೆ. ಯಾವ ಬಣ್ಣ ಕಳಪೆ ಎಂದು ಆ ಕ್ಯಾಮೆರಾಕ್ಕೆ ಕಲಿಸುವಾಗ ಎರಡು ಕಡೆಯವರು ಕೂರುತ್ತಾರೆ: ಯಂತ್ರ ಕಟ್ಟಿದವರು, ಹಣ ಕೊಟ್ಟವರು. ಯಾರ ಕಾಯಿ ಅದರಡಿ ಹಾಯುತ್ತದೋ ಅವರಿಗೆ ಆ ಮೇಜಿನ ಬಳಿ ಜಾಗವಿಲ್ಲ. ರಾಣೆಬೆನ್ನೂರಿನ ಸುತ್ತ ಕಂಪನಿಗಳಿಗಾಗಿ ಹೈಬ್ರಿಡ್ ಬೀಜ ಬೆಳೆಯುವವರ ಸ್ಥಿತಿಯೂ ಬೇರೆಯಲ್ಲ. ಕೈಯಿಂದ ಹೂವಿಗೆ ಹೂವು ಮುಟ್ಟಿಸಿ ಬೆಳೆದ ಬೀಜದ ಮೊಳಕೆ ಮತ್ತು ತಳಿಶುದ್ಧತೆಯ ಪರೀಕ್ಷೆ ಕೊಳ್ಳುವವರ ಕಡೆಯೇ ನಡೆಯುತ್ತದೆ. ಸೋತಿತೆಂದು ಫಲಿತಾಂಶ ಬಂದರೆ ಬೆಳೆದವರ ಕೈಯಲ್ಲಿ ವಾದಿಸಲು ಏನೂ ಇರುವುದಿಲ್ಲ.

2024ರ ಮಾರ್ಚಿನಲ್ಲಿ ಬೆಲೆ ಕುಸಿದಾಗ ಬ್ಯಾಡಗಿಯ ಪ್ರಾಂಗಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು, ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ದಾಳಿಯಾಯಿತು. ಬೆಂಕಿಯನ್ನು ಸಮರ್ಥಿಸಲಾಗದು. ಆದರೆ ತಾನು ಹಾಜರಿರದ ತೀರ್ಪನ್ನು ತಲೆಬಾಗಿ ಒಪ್ಪಿಕೋ ಎಂದು ಯಾರಿಗಾದರೂ ಎಷ್ಟು ದಿನ ಹೇಳಲು ಸಾಧ್ಯ?

ದಾರಿ ಎಲ್ಲೋ ದೂರದಲ್ಲಿಲ್ಲ. ನಮ್ಮದೇ 1966ರ ಬೀಜ ಕಾಯ್ದೆಯಲ್ಲಿ ಒಂದು ಕಟ್ಟಳೆ ಇದೆ. ಬೀಜ ನಿರೀಕ್ಷಕರು ಅಂಗಡಿಯಿಂದ ಮಾದರಿ ತೆಗೆದಾಗ ಅದನ್ನು ಮೂರು ಪಾಲು ಮಾಡಬೇಕು. ಒಂದು ವಿಶ್ಲೇಷಕರಿಗೆ ಹೋಗುತ್ತದೆ. ಒಂದು ನಿರೀಕ್ಷಕರ ಬಳಿ ಮೊಹರಾಗಿ ಉಳಿಯುತ್ತದೆ. ಇನ್ನೊಂದನ್ನು ಯಾರಿಂದ ಮಾದರಿ ತೆಗೆದರೋ ಅವರ ಕೈಗೇ ಕೊಡಬೇಕು. ಬೀಜ ಮಾರುವ ವ್ಯಾಪಾರಿಗೆ ಆರು ದಶಕದ ಹಿಂದೆಯೇ ದೊರೆತ ಆ ಮೂರನೇ ಪಾಲು, ಹಲಗೇರಿಯ ಹೊಲದಿಂದ ಬ್ಯಾಡಗಿಗೆ ಕಾಯಿ ತಂದು ರಾಶಿಯ ಪಕ್ಕ ಕೂತವರ ಕೈಗೆ ಇನ್ನೂ ಬಂದಿಲ್ಲ.