ಹೇಳದೆ ಹೋದ ರಿಪೇರಿ

ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ಮಾನಿಟರ್ ಅಂದರೆ ಹೆಚ್ಚುಕಡಿಮೆ ಟ್ಯೂನರ್ ಇಲ್ಲದ ಟಿ.ವಿ. ಅದೇ ಪಿಕ್ಚರ್ ಟ್ಯೂಬ್. ಬಣ್ಣದ ದೊಡ್ಡ ಟ್ಯೂಬಾದರೆ 20,000 ವೋಲ್ಟ್ ದಾಟುವ ಅದೇ ಹೈವೋಲ್ಟೇಜ್, ಅಂದರೆ ಇಎಚ್‌ಟಿ. ಉಡುಪಿ, ಕಾರ್ಕಳದ ಹಳೇ ಟಿ.ವಿ. ಮೆಕ್ಯಾನಿಕ್ಕುಗಳಿಗೆ ಪರಿಚಯದ ಸಂಗತಿಗಳೇ. ಕಾಪುವಿನ ಉಪ್ಪುಗಾಳಿಗೆ ಬೋರ್ಡಿನ ತಾಮ್ರ ಹಸಿರುಗಟ್ಟಿದರೆ ಕಣ್ಣಿಗೆ ಕಾಣುತ್ತದೆ, ಉಜ್ಜಿ ಸರಿಮಾಡಬಹುದು. ಕಾಣದ ತೊಂದರೆ ಸರ್ಕ್ಯೂಟ್ ಡಯಾಗ್ರಾಮಿನಲ್ಲಿ.

ಕಾರ್ಖಾನೆಯವರು ನಡುವೆ ಬಿಡಿಭಾಗ ಬದಲಿಸಿರುತ್ತಾರೆ, ಹಾಳೆ ಹಳೆಯದೇ ಉಳಿದಿರುತ್ತದೆ. ಜೆರಾಕ್ಸಿನ ಜೆರಾಕ್ಸಿನಲ್ಲಿ ದಶಮಾಂಶದ ಚುಕ್ಕೆ ಅಳಿಸಿಹೋಗಿರುತ್ತದೆ. ಎಷ್ಟೋ ತಪ್ಪುಗಳಿಂದ ಚಿತ್ರ ಕುಗ್ಗೀತು, ಬಣ್ಣ ಕೆಟ್ಟೀತು, ಅಷ್ಟೆ. ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರಿನ ಜೊತೆಗಿರುವ ಪುಟ್ಟ ಕೆಪಾಸಿಟರ್ ಮಾತ್ರ ಹಾಗಲ್ಲ. ಅದರ ವ್ಯಾಲ್ಯೂ ಕಡಿಮೆಯಾದರೆ ಇಎಚ್‌ಟಿ ಏರುತ್ತದೆ. ಟ್ರಾನ್ಸಿಸ್ಟರ್ ಸುಟ್ಟೀತು, ಟ್ಯೂಬಿನಿಂದ ಎಕ್ಸ್‌ರೇ ಹೆಚ್ಚೀತು.

ಹಾಗಾದರೆ ಹಾಳೆ ಬದಿಗಿಟ್ಟು ಬೋರ್ಡನ್ನೇ ನಂಬೋಣವೇ? ಹಾಗೆನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಕೂತಿರುವುದು ಕಾರ್ಖಾನೆಯ ಕೆಪಾಸಿಟರೋ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾಗ ಯಾರೋ ಕೈಗೆ ಸಿಕ್ಕಿದ್ದನ್ನು ಹಾಕಿದ್ದೋ? ಹಾಕಿದ್ದನ್ನು ನಾನು ದೂರುವುದಿಲ್ಲ, ಆ ದಿನದ ಕೆಲಸ ನಡೆಯಬೇಕಿತ್ತು. ಹೇಳದೆ ಹೋದದ್ದನ್ನು ದೂರುತ್ತೇನೆ. ಒಂದು ಸಾಲು ಬರೆದಿಟ್ಟಿದ್ದರೆ ತಾತ್ಕಾಲಿಕ ಉಪಾಯವಾಗಿ ಉಳಿಯುತ್ತಿದ್ದದ್ದು ಈಗ ಮೂಲದ ವೇಷ ಹಾಕಿ ಕೂತಿದೆ. ಕಸುಬಿನ ಗುಟ್ಟು ಕಾಯಲೆಂದು ಐಸಿಯ ನಂಬರನ್ನೇ ಉಜ್ಜಿ ಅಳಿಸಿದವರೂ ಉಂಟು. ಅವರು ಜಾಣರು, ಅವರ ಜಾಣತನದ ದಂಡ ಕಟ್ಟುವವರು ಬೇರೆಯವರು.

ಹಳೆಯ ಗ್ರಂಥಗಳಿಗೂ ಇದೇ ತೊಂದರೆ ಉಂಟು. ಉಡುಪಿಯ ವಿದ್ವಾಂಸ ಬನ್ನಂಜೆ ಗೋವಿಂದಾಚಾರ್ಯರು ಮಧ್ವರ ಗ್ರಂಥಗಳ ಸಮುಚ್ಚಯವಾದ ಸರ್ವಮೂಲವನ್ನು ಸಂಪಾದಿಸುವಾಗ ರೂಢಿಯ ಪಾಠದಲ್ಲೇ ನಿಲ್ಲಲಿಲ್ಲ. ಮಧ್ವರ ನೇರ ಶಿಷ್ಯರಾದ ಹೃಷೀಕೇಶತೀರ್ಥರ ತಾಳೆಯೋಲೆಯವರೆಗೆ ಹೋದರು. ಆ ಓಲೆಯನ್ನು ಪಲಿಮಾರು ಮಠ ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿತ್ತು. ಮಾನಿಟರಿಗೆ ಅಂಥ ಮಠ ಎಲ್ಲಿಂದ ಬರಬೇಕು? ಅದನ್ನು ತಯಾರಿಸಿದ ಎಷ್ಟೋ ಕಂಪನಿಗಳೇ ಈಗಿಲ್ಲ. ಮೂಲ ಸಿಗದ ಕಡೆ ಪಾಠಭೇದವನ್ನಾದರೂ ಮುಚ್ಚಿಡದಿರುವ ಶಿಸ್ತು ನಮ್ಮ ಕೈಯಲ್ಲೇ ಇದೆ.

ಹಾಗಾಗಿ ಮೊದಲು ಸೀರೀಸ್ ಬಲ್ಬ್ ಹಾಕಿ ಚಾಲೂ ಮಾಡಬೇಕು, ಹೈವೋಲ್ಟೇಜ್ ಪ್ರೋಬಿನಲ್ಲಿ ಇಎಚ್‌ಟಿ ಅಳೆಯಬೇಕು. ಆಮೇಲೆ ಪೆಟ್ಟಿಗೆಯ ಒಳಬದಿಯಲ್ಲಿ ಬರೆಯಬೇಕು: ಹಾಳೆಯಲ್ಲಿದ್ದದ್ದು ಇಷ್ಟು, ಬೋರ್ಡಿನಲ್ಲಿ ಸಿಕ್ಕಿದ್ದು ಇಷ್ಟು, ನಾನು ಹಾಕಿದ್ದು ಇಷ್ಟು, ಅಳತೆ ಬಂದದ್ದು ಇಷ್ಟು. ತಾರೀಕು ಬೇಕು. ಗೊತ್ತಾಗದೆ ಹಾಕಿದ್ದಾದರೆ ಅದನ್ನೂ ಹಾಗೆಯೇ ಬರೆಯಬೇಕು.