ಚಿಕ್ಕ ನಿಲುವಂಗಿಯ ಅಳತೆ



ಸಮುವೇಲನ ಒಂದನೆಯ ಪುಸ್ತಕದ 2ನೆಯ ಅಧ್ಯಾಯದ 19ನೆಯ ವಚನವನ್ನು ಮನೆಯಲ್ಲಿ ತೆರೆದು ಓದಿಕೊಳ್ಳಿರಿ. ಹನ್ನಳು ವರುಷ ವರುಷವೂ ತನ್ನ ಮಗನಿಗಾಗಿ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿ, ಗಂಡನ ಸಂಗಡ ಯಜ್ಞಕ್ಕೆ ಹೋಗುವಾಗ ಅದನ್ನು ತೆಗೆದುಕೊಂಡು ಹೋಗುತ್ತಿದ್ದಳೆಂಬ ಸಂಗತಿಯು ಅಲ್ಲಿ ಬರೆದಿರುತ್ತದೆ. ಬಿಟ್ಟು ಬಂದ ದಿವಸ ಮಗುವು ಅತ್ತಿತೋ ಇಲ್ಲವೋ ಎಂಬದನ್ನು ವೇದವು ಹೇಳುವದಿಲ್ಲ. ಅಂಗಿಯ ವಿಷಯವನ್ನು ಮಾತ್ರ ಮರೆಯದೆ ಹೇಳುತ್ತದೆ.

ಈ ಮಾತನ್ನು ಈಗ ಎತ್ತುವದಕ್ಕೆ ಕಾರಣವುಂಟು. ನಮ್ಮ ನಾಡಿನ ಶಾಲೆಗಳು ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಮುಚ್ಚಿ, ಸುಮಾರು ಏಳು ವಾರಗಳಾದ ಮೇಲೆ ಮೇ ತಿಂಗಳ ಕೊನೆಯಲ್ಲಿ ತೆರೆಯುತ್ತವೆ. ಆಗ ಸುತ್ತೂರಿನಲ್ಲಿಯೂ ಕಪಿಲೆಯ ಎರಡು ದಡಗಳ ಗ್ರಾಮಗಳಲ್ಲಿಯೂ ಕೆಲವು ಕೂಸುಗಳು ಮೊದಲ ಸಾರಿ ಅಂಗನವಾಡಿಯ ಹೊಸ್ತಿಲನ್ನು ದಾಟುವವು. ಕೆಲವು ಅಂಗನವಾಡಿಯಿಂದ ಒಂದನೆಯ ತರಗತಿಗೆ ಹೋಗುವವು. ಊರ ಶಾಲೆಯಲ್ಲಿ ಐದನೆಯದು ಮುಗಿದ ಮಕ್ಕಳು ಬೇರೆ ಊರಿನ ಶಾಲೆಗೋ, ಆರನೆಯದರಿಂದ ಆರಂಭವಾಗುವ ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ಹೊರಡುವರು. ನಮ್ಮ ಕಣ್ಣಿಗೆ ಅದು ಎರಡು ಹರದಾರಿಯ ದಾರಿ. ಮಗುವಿಗೆ ಅದು ಬೇರೊಂದು ದೇಶ.

ಮೊದಲು ಹನ್ನಳು ಅವಸರಪಡಲಿಲ್ಲವೆಂಬದನ್ನು ನೋಡಿರಿ. ಮನೆಯವರೆಲ್ಲರೂ ಶೀಲೋವಿಗೆ ಹೊರಟಾಗ, ಮಗುವು ಮೊಲೆಬಿಡುವ ತನಕ ನಾನು ಬರುವದಿಲ್ಲವೆಂದು ಆಕೆ ಹೇಳಿದಳು, ಎಲ್ಕಾನನೂ ಒಪ್ಪಿದನು. ಹರಕೆ ಮಾಡಿದವಳೇ ಕಾದಿರುವಾಗ ನಮಗೇಕೆ ಇಷ್ಟು ತ್ವರೆ? ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರುಷ ತುಂಬಿರಬೇಕೆಂದು ಸರಕಾರವು 2022ರಲ್ಲಿ ಆಜ್ಞೆಮಾಡಿತು. ಹೆತ್ತವರ ಒತ್ತಾಯ ಹೆಚ್ಚಿದ್ದರಿಂದ 2025ರಲ್ಲಿ ಆ ಒಂದು ಸಾಲಿಗೆ 5 ವರುಷ 5 ತಿಂಗಳಿಗೆ ಸಡಿಲಿಸಬೇಕಾಯಿತು. ಒಂದು ವರುಷ ಮುಂಚೆ ಓದು ಮುಗಿಯಲೆಂಬ ಆಶೆ ಹೆತ್ತವರದು. ಬೆರಳಿಗೆ ಬಲ ಬಾರದೆ ಬಳಪ ಹಿಡಿದು ದಣಿಯುವದು ಕೂಸು. ಅಂಗನವಾಡಿಯಲ್ಲಿ ಆಡಿ ಹಾಡಿ ಕಳೆದ ವರುಷವು ವ್ಯರ್ಥವೆಂದು ಯಾರೂ ಎಣಿಸಬಾರದು. ಕರ್ನಾಟಕದಲ್ಲಿ ಈ ಕೇಂದ್ರಗಳು ಮೊದಲು ಹುಟ್ಟಿದ್ದು ನಮ್ಮ ನೆರೆಯ ತಿರುಮಕೂಡಲು ನರಸೀಪುರದಲ್ಲಿಯೇ. 1975ನೆಯ ಇಸವಿ ಅಕ್ಟೋಬರ್ 2ರಂದು 100 ಕೇಂದ್ರಗಳೊಡನೆ ಆ ಕೆಲಸವು ಆರಂಭವಾಯಿತು. ಅಲ್ಲಿ ಕೂತು ಕಲಿತ ಕೂಸುಗಳು ಈಗ ಮೊಮ್ಮಕ್ಕಳನ್ನು ಕೈಹಿಡಿದು ಕರೆತರುವ ವಯಸ್ಸಿನವರಾಗಿದ್ದಾರೆ.

ಇನ್ನೊಂದು ಸಂಗತಿಯನ್ನು ಕಠಿಣವಾಗಿ ಹೇಳಲೇಬೇಕಾಗಿದೆ. ನಮ್ಮ ಮನೆಗಳಲ್ಲಿ ಮಗುವು ತುಂಟತನ ಮಾಡಿದಾಗ ಏನು ಹೇಳುತ್ತೇವೆ? “ತಾಳು, ಇಸ್ಕೂಲಿಗೆ ಸೇರಿಸ್ತೀನಿ, ಮೇಷ್ಟ್ರು ನಿನ್ನ ಕೊಬ್ಬು ಇಳಿಸ್ತಾರೆ.” ರಜ ಪೂರ್ತಿ ಈ ಮಾತನ್ನು ಕೇಳಿದ ಮಗುವು, ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿ ಹೂ ಕೊಟ್ಟು ಸಿಹಿಯೂಟ ಬಡಿಸಿದರೂ ನಡುಗದೆ ಇರುವದು ಹೇಗೆ? ಉಪಾಧ್ಯಾಯರು ಪ್ರಾರಂಭೋತ್ಸವಕ್ಕೆಂದು ಪಟ್ಟ ಪ್ರಯಾಸವನ್ನೆಲ್ಲಾ ನಾವು ಮನೆಯಲ್ಲಿಯೇ ಕೆಡಿಸಿ ಕಳುಹಿಸುತ್ತೇವೆ. ಇದಕ್ಕಿಂತ ಕೆಟ್ಟದ್ದು ಮೋಸಮಾಡಿ ಬಿಟ್ಟುಬರುವದು. “ಮಿಠಾಯಿ ತರ್ತೀನಿ, ಇಲ್ಲೇ ಕೂತಿರು ಕಂದ” ಎಂದು ಹೇಳಿ, ಮಗುವು ಬೊಂಬೆಯನ್ನು ನೋಡುವಷ್ಟರಲ್ಲಿ ತಾಯಿಯು ಹಿತ್ತಲ ದಾರಿಯಿಂದ ಜಾರಿಕೊಳ್ಳುವಳು. ಆ ದಿವಸ ಅಳು ತಪ್ಪಿತೆಂದು ಆಕೆ ತಿಳಿಯುವಳು. ಮರುದಿನದಿಂದ ಆ ಕೂಸು ನೀರಿಗೆ ಹೋದ ತಾಯಿಯ ಸೆರಗನ್ನೂ ಬಿಡದು. ಸಹೋದರಿಯರೇ, ಅಳುವದನ್ನು ಸಹಿಸಿರಿ, ಸುಳ್ಳನ್ನು ಹೇಳಬೇಡಿರಿ. “ನಾನು ಹೊಲಕ್ಕೆ ಹೋಗುತ್ತೇನೆ, ನೀನು ಊಟಮಾಡಿ ಮಲಗಿ ಎದ್ದ ಮೇಲೆ ಬರುತ್ತೇನೆ” ಎಂದು ಮುಖ ನೋಡಿ ಹೇಳಿ, ಹೇಳಿದ ಹೊತ್ತಿಗೆ ಬಾಗಿಲಲ್ಲಿ ನಿಲ್ಲಿರಿ. ಗಡಿಯಾರ ತಿಳಿಯದ ಮಗುವಿಗೆ ಊಟವೂ ನಿದ್ದೆಯೂ ಗಡಿಯಾರವಾಗಿರುತ್ತವೆ. ಬಹಳ ಮಕ್ಕಳ ಅಳು ಕೆಲವು ವಾರಗಳಲ್ಲಿ ತಗ್ಗುತ್ತದೆ; ಮಾತು ತಪ್ಪುವ ಮನೆಗಳಲ್ಲಿ ಅದು ಉದ್ದವಾಗುತ್ತದೆ.

ಇನ್ನು ಬೇಸಗೆಯ ರಜದ ವಿಷಯ. ಆಟ, ಅಜ್ಜಿಯ ಮನೆ, ಮಾವಿನ ತೋಪು ಇವೆಲ್ಲಾ ದೇವರ ದಾನಗಳೇ. ಅವುಗಳನ್ನು ಕಿತ್ತುಕೊಂಡು ದಿನವೆಲ್ಲಾ ಮಗ್ಗಿ ಒಪ್ಪಿಸೆಂದು ಕೂಡ್ರಿಸುವವರ ಪಕ್ಷವು ನಮ್ಮದಲ್ಲ. ಆದರೆ ಏಳು ವಾರಗಳು ಹೇಳುವವರಿಲ್ಲದೆ ಕಳೆದರೆ ಎರಡು ನಷ್ಟಗಳುಂಟು. ಒಂದು, ಕಲಿತ ಅಕ್ಷರವು ಜಾರುತ್ತದೆ. ಅದಕ್ಕೆ ಸಾಯಂಕಾಲದ ಪ್ರಾರ್ಥನೆಯಲ್ಲಿ ಮಗುವಿನಿಂದಲೇ ನಾಲ್ಕು ಸಾಲು ಓದಿಸಿದರೆ ಸಾಕು, ತಪ್ಪಿದರೆ ಯಾರೂ ನಗಬಾರದು. ಮತ್ತೊಂದು ನಷ್ಟವನ್ನು ತುಂಬುವವರಿಲ್ಲ: ಅದು ಹೊಳೆ. ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಈ ಕಪಿಲೆಯು ಬೇಸಗೆಯಲ್ಲಿ ಇಳಿದು ಸಾಧುವಾಗಿ ಕಾಣುವಾಗಲೇ ಹೆಚ್ಚು ಮೋಸಮಾಡುತ್ತದೆ. ಮರಳು ತೆಗೆದ ಗುಂಡಿಯು ನೀರಿನ ಕೆಳಗೆ ಕಾಣದು. ದೊಡ್ಡವರಿಲ್ಲದೆ ಮಕ್ಕಳನ್ನು ಹೊಳೆಗೂ ನಾಲೆಗೂ ಬಿಡಬೇಡಿರಿ. ಕೂಲಿಗೆ ಹೋಗುವವರು ಏನು ಮಾಡಬೇಕೆಂದು ಕೇಳುವಿರೋ? 1901ರಲ್ಲಿ ನ್ಯೂಯಾರ್ಕ್ ಪಟ್ಟಣದಲ್ಲಿ ರಾಬರ್ಟ್ ಬೋವಿಲ್ ಎಂಬ ಬೋಧಕರು, ಬೇಸಗೆಯಲ್ಲಿ ಬೀದಿ ಅಲೆಯುವ ಮಕ್ಕಳಿಗಾಗಿ ಬರಿದಾಗಿದ್ದ ಸಭಾಮಂದಿರಗಳ ಬಾಗಿಲನ್ನು ತೆರೆದರು. ಈಗ ಅನೇಕ ಸಭೆಗಳಲ್ಲಿ ನಡೆಯುವ ರಜಾಕಾಲದ ವೇದಪಾಠ ಶಾಲೆಯು ಆ ಬಗೆಯದೇ. ಅದು ಹತ್ತು ದಿವಸಗಳಿಗೇ ಮುಗಿಯಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಗುಡಿಸಲಿನಂಥ ಪ್ರಾರ್ಥನಾಲಯದಲ್ಲಿಯೂ ಮಧ್ಯಾಹ್ನದ ನೆರಳುಂಟು. ಹಸಿವೆಯ ಸಂಗತಿಯನ್ನೂ ಮರೆಯಬಾರದು. ಶಾಲೆಯ ಬಿಸಿಯೂಟವು ನಿಂತಾಗ ಕೆಲವು ಮನೆಗಳ ಒಲೆಯು ಮಧ್ಯಾಹ್ನ ಹೊತ್ತುವದಿಲ್ಲ. ಇದನ್ನರಿತೇ 2024ರ ಬರಗಾಲದಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜದಲ್ಲಿಯೂ ಊಟ ಹಾಕಿದರು.

ಶಾಲೆ ತೆರೆಯುವದಕ್ಕೆ ಹತ್ತು ದಿವಸವಿರುವಾಗಲೇ ಮಗುವನ್ನು ಶಾಲೆಯ ಹೊತ್ತಿಗೆ ಎಬ್ಬಿಸಿ, ಶಾಲೆಯ ಹೊತ್ತಿಗೆ ಉಣ್ಣಿಸಿರಿ. ಒಂದು ಸಾಯಂಕಾಲ ಕೈಹಿಡಿದು ಹೊಸ ದಾರಿಯಲ್ಲಿ ನಡೆಯಿರಿ. ನೀರಿನ ತೊಟ್ಟಿ ಎಲ್ಲಿ, ಪಾಯಿಖಾನೆ ಎಲ್ಲಿ ಎಂದು ತೋರಿಸಿರಿ. ನಗಬೇಡಿರಿ, ಮೊದಲ ದಿವಸಗಳಲ್ಲಿ ಚಡ್ಡಿ ಒದ್ದೆಮಾಡಿಕೊಂಡು ಶಾಲೆಯನ್ನೇ ಬಿಟ್ಟೋಡುವ ಕೂಸುಗಳುಂಟು.

ಉಳಿದದ್ದು ಹಾಸ್ಟೆಲಿಗೆ ಹೋಗುವ ಮಕ್ಕಳ ಮಾತು. ಹನ್ನಳ ಅಂಗಿಯು ಇಲ್ಲಿಯೇ ನಮಗೆ ಬೇಕಾಗಿರುವದು. ಕಣ್ಣೆದುರಿಗೆ ಇಲ್ಲದ ಮಗನು ಒಂದು ವರುಷದಲ್ಲಿ ಎಷ್ಟು ಬೆಳೆದಿರಬಹುದೆಂದು ಆಕೆ ಮನಸ್ಸಿನಲ್ಲಿಯೇ ಅಳೆದು ಹೊಲಿದಳು. ಹೋದ ವರುಷದ ಅಳತೆಯಿಂದ ಮಾಡಿದ್ದರೆ ಆ ಅಂಗಿಯು ಸಮುವೇಲನಿಗೆ ಆಗುತ್ತಿರಲಿಲ್ಲ. ದಸರೆಯ ರಜಕ್ಕೆ ಬಂದ ಹುಡುಗನು ಹೊಸ ಮಾತು, ಹೊಸ ಸ್ನೇಹಿತರ ಹೆಸರು, ಹೊಸ ಹಟ ತಂದಿರುವನು, “ಓದಿದ ಮೇಲೆ ನಿನಗೆ ಜಂಬ ಬಂತು” ಎಂದು ಹಳೆಯ ಅಳತೆಗೆ ಅವನನ್ನು ತುರುಕಬೇಡಿರಿ, ಕೂತು ಕೇಳಿರಿ. ತಿರುಗಿ ಹೋಗುವ ಹಿಂದಿನ ರಾತ್ರಿ ಅವನು ಮತ್ತೆ ಅತ್ತರೆ ಸೋತನೆಂದೂ ತಿಳಿಯಬೇಡಿರಿ. ರಜ ಮುಗಿದಾಗಲೆಲ್ಲಾ ಆ ಗಾಯವು ಸ್ವಲ್ಪ ತೆರೆದು ಮತ್ತೆ ಮುಚ್ಚಿಕೊಳ್ಳುವದು. ಆದರೆ ಊಟ ಬಿಟ್ಟು, ಮಾತು ಬಿಟ್ಟು, ವಾರಗಟ್ಟಲೆ ಕುಗ್ಗಿದ ಮಗುವಿದ್ದರೆ ಉಪಾಧ್ಯಾಯರನ್ನು ಕಂಡು ಕಾರಣವನ್ನು ವಿಚಾರಿಸಬೇಕು. ಅಲ್ಲಿ ಯಾರಾದರೂ ಹೊಡೆಯುತ್ತಿರಬಹುದು, ಜಾತಿ ಹಿಡಿದು ಹೀಯಾಳಿಸುತ್ತಿರಬಹುದು. “ಅಭ್ಯಾಸವಾಗುತ್ತೆ ಬಿಡು” ಎಂದು ಅಂಥ ಕೂಸನ್ನು ಹಿಂದಕ್ಕೆ ತಳ್ಳುವದು ಪಾಪವೇ.

ಭೇಟಿಗೆ ಬರುತ್ತೇವೆಂದು ಹೇಳಿದ ಭಾನುವಾರ ತಪ್ಪದೆ ಹೋಗಬೇಕು. ಬೇರೆಯವರ ಹೆತ್ತವರು ಬುತ್ತಿ ಬಿಚ್ಚುವಾಗ ಗೇಟಿನ ಕಡೆಗೆ ನೋಡುತ್ತಾ ನಿಂತ ಮಗುವಿನ ದುಃಖವನ್ನು ಯಾವ ಮಿಠಾಯಿಯೂ ಆಮೇಲೆ ತೀರಿಸದು. ನಮ್ಮಲ್ಲಿ ಕೆಲವರು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗಿರುವದರಿಂದ ಆ ದಿವಸ ಬರಲಾರರು. ಅವರ ಮಕ್ಕಳ ಹೆಸರುಗಳನ್ನು ಸಭೆಯ ಹಿರಿಯರು ಈಗಲೇ ಬರೆದಿಟ್ಟುಕೊಂಡು, ಮಗುವು ಗುರುತಿಸುವ ಒಬ್ಬ ಚಿಕ್ಕಮ್ಮನನ್ನೋ ದೊಡ್ಡಪ್ಪನನ್ನೋ ಗೊತ್ತುಮಾಡಿ, ಶಾಲೆಯವರಿಗೆ ಮೊದಲೇ ತಿಳಿಸಿ, ಬಸ್ಸಿನ ದುಡ್ಡನ್ನು ಕಾಣಿಕೆಯಿಂದ ಕೊಡಲಿ.