50 ರೂಪಾಯಿ ಪಾರ್ಕಿಂಗ್

ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಅಂದರೆ 'ಮ್ಯಾಪ್', 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. ಅದಾದ ಕೆಲವೇ ವಾರಕ್ಕೆ ಒಂದು ಭಾನುವಾರ ನಾನೂ ಹೊರಟೆ. ಮೆಟ್ರೋದಲ್ಲಿ ಹೋಗಿ ಕಬ್ಬನ್ ಪಾರ್ಕ್ ಸ್ಟೇಷನ್ನಿನಿಂದ ನಡೆಯಬಹುದಿತ್ತು. ಆದರೆ ಹೊಸ ಕಾರು, ಬಿಸಿಲು ಬೇರೆ. ಕಾರಲ್ಲೇ ಹೋದೆ.

ಮೂರು ಸುತ್ತು ಹೊಡೆದರೂ ಜಾಗ ಸಿಗಲಿಲ್ಲ. ಕೊನೆಗೆ ಹತ್ತಿರದ ಗಲ್ಲಿಯ ಒಂದು ಅಪಾರ್ಟ್‌ಮೆಂಟ್ ವಾಚ್‌ಮ್ಯಾನ್‌ರನ್ನು ಕೇಳಿದೆ. ವಯಸ್ಸಾದವರು. "ಜಾಗ ಇದೆ ಸಾರ್, ಹೊರಗಿನವ್ರಿಗೆ ಬಿಡಂಗಿಲ್ಲ" ಅಂದರು. "ಒಂದೇ ಗಂಟೆ" ಅಂತ 50 ರೂಪಾಯಿ ಕೈಗೆ ತುರುಕಿದೆ. ಅನುಮಾನಿಸುತ್ತಲೇ ಗೇಟು ತೆಗೆದರು.

ಮ್ಯಾಪ್ ಒಳಗೆ ಬರೋಡಾದ ಕಲಾವಿದ ಜ್ಯೋತಿ ಭಟ್ ಅವರ ಫೋಟೋಗಳು. ಹಳ್ಳಿಮನೆಯ ಗೋಡೆ ಚಿತ್ತಾರ, ಅಂಗಳದ ರಂಗೋಲಿ, ಪಕ್ಕದಲ್ಲಿ ಹೆಂಗಸರು. ಒಂದು ಮಳೆಗೆ ತೊಳೆದುಹೋಗುವ ಚಿತ್ರಗಳನ್ನು 1960ರ ದಶಕದಿಂದಲೂ ಊರೂರು ಅಲೆದು ಹಿಡಿದಿಟ್ಟವರು ಅವರು. ಯಾರೂ ಲೆಕ್ಕಕ್ಕಿಡದ ಕೈಗಳನ್ನು ಒಬ್ಬರು ಇಷ್ಟು ಹೊತ್ತು ನಿಂತು ನೋಡಿದರಲ್ಲ ಅಂತ ಗಂಟಲು ಕಟ್ಟಿತು. ಒಂದು ಗಂಟೆ ಎರಡೂವರೆಯಾಯಿತು.

ವಾಪಸ್ ಬಂದರೆ ಗೇಟಿನಲ್ಲಿ ಗಲಾಟೆ. ಫ್ಲಾಟಿನ ಯಜಮಾನರೊಬ್ಬರು, ಮನೆಗೆ ಬಂದ ನೆಂಟರ ಕಾರಿಗೆ ಜಾಗವಿಲ್ಲ ಅಂತ ವಾಚ್‌ಮ್ಯಾನ್ ಮೇಲೆ ಕೂಗಾಡ್ತಿದ್ರು. "ನಾಳೆಯಿಂದ ಬರಬೇಡ" ಅಂದದ್ದು ನನಗೂ ಕೇಳಿಸಿತು. ಯಜಮಾನರಿಗೊಂದು ಸಾರಿ ಹೇಳಿ ಕಾರು ತೆಗೆದುಕೊಂಡು ಹೊರಟುಬಿಟ್ಟೆ. 'ಒತ್ತಾಯ ಮಾಡಿದ್ದು ನಾನು' ಅನ್ನೋ ಮೂರು ಪದ ಬಾಯಿಗೆ ಬರಲಿಲ್ಲ.

ದಾರಿಯುದ್ದಕ್ಕೂ ನನ್ನ ಜೊತೆ ನಾನೇ ವಾದಿಸಿದೆ. ಕೇಳಿದೆ, ಒಪ್ಪಿದರು, ದುಡ್ಡು ಕೊಟ್ಟೆ. ಇಬ್ಬರೂ ಒಪ್ಪಿ ಮಾಡಿದ್ದು ತಾನೇ? ಲೆಕ್ಕ ಸರಿ ಅಂತಲೇ ಅನ್ನಿಸುತ್ತೆ, ಸಿಕ್ಕಿಬಿದ್ದರೆ ಯಾರಿಗೆ ಏನು ಹೋಗುತ್ತೆ ಅಂತ ಕೇಳಿಕೊಳ್ಳುವ ತನಕ. ನನಗೆ ಹೋಗುವುದು ಐದು ನಿಮಿಷದ ಮರ್ಯಾದೆ. ಅವರಿಗೆ ಕೆಲಸ. ಆ 50 ರೂಪಾಯಿ ಜಾಗದ ಬಾಡಿಗೆಯಲ್ಲ; ನನ್ನ ರಿಸ್ಕನ್ನು ಅವರ ತಲೆಗೆ ಕಟ್ಟಿದ್ದಕ್ಕೆ ಕೊಟ್ಟ ಕೂಲಿ. ಮಳೆಯಲ್ಲಿ ಡೆಲಿವರಿ ಹುಡುಗನಿಗೆ "ಬೇಗ ಬಾ" ಅಂದು ಟಿಪ್ ಕೊಡುವಾಗಲೂ ನಾವು ಮಾಡುವುದು ಇದನ್ನೇ. ಕೊಟ್ಟೆವಲ್ಲ ಅನ್ನೋ ನೆಮ್ಮದಿ ನಮಗೆ, ಜಾರಿ ಬಿದ್ದರೆ ನೋವು ಅವನಿಗೆ.

ಕಲೆ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತಾ? ಗೊತ್ತಿಲ್ಲ. ಗೋಡೆಯ ಮೇಲಿನ ಅಪರಿಚಿತರಿಗಾಗಿ ಕಣ್ಣು ಒದ್ದೆಯಾಗುವುದು ಸುಲಭ. ಅವರು ನಮ್ಮಿಂದ ಏನೂ ಕೇಳುವುದಿಲ್ಲ.

ಮುಂದಿನ ಭಾನುವಾರ ಮೆಟ್ರೋದಲ್ಲೇ ಹೋದೆ. ಆ ಗೇಟಿನಲ್ಲಿ ಹೊಸಬ ನಿಂತಿದ್ದ. ಮುಂಚೆ ಇದ್ದವರು ಎಲ್ಲಿ ಅಂತ ವಿಚಾರಿಸಿದೆ.

"ಯಾರು ಸಾರ್? ಹೆಸರೇನು?" ಅಂದ.

ನಾನು ಹೆಸರು ಕೇಳಿರಲೇ ಇಲ್ಲ.